ಅತ್ತೆ ತೀಡಿದ ಮೂಗು

ಹೋದ ವರ್ಷದ ನರಕ ಚತುರ್ದಶಿಯ ಬೆಳಿಗ್ಗೆ, ಬಿಸಿಲು ಇನ್ನೂ ಗೋಡೆಯ ಮೇಲಷ್ಟೇ ಇದ್ದಾಗ, ಮಸ್ಕಿಯ ನಮ್ಮ ಮನೆಯ ಅಂಗಳದಲ್ಲಿ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಕೈಯಲ್ಲಿ ಬಿಸಿನೀರಿನ ಬಕೆಟ್ ಇತ್ತು. ನನಗೂ ಮಣೆಗೂ ನಡುವೆ ಯಾರೂ ಅಡ್ಡ ಇರಲಿಲ್ಲ. ಮಣೆಯ ಮೇಲೆ ಎಣ್ಣೆ ಹಚ್ಚಿಸಿಕೊಳ್ಳಲು ನನ್ನ ತಮ್ಮ ಕೂತಿದ್ದ, ಹೊಸ ಮೂಗಿನೊಂದಿಗೆ.

ಹಬ್ಬಕ್ಕೆ ಕೆಲವು ವಾರ ಮೊದಲು ಅವನು ಹೈದರಾಬಾದಿಗೆ ಹೋಗಿ, ಆಪರೇಷನ್ ಮಾಡಿಸಿ, ಮೂಗಿನ ಗೂನು ತೆಗೆಸಿಕೊಂಡು ಬಂದಿದ್ದ. ಸಿಂಧನೂರಿನಲ್ಲಿ ಅವನದು ಮೊಬೈಲ್ ಅಂಗಡಿ. ಪ್ರತಿ ಫೋನಿನ ಕ್ಯಾಮೆರಾ ಪರೀಕ್ಷಿಸುವಾಗಲೂ ಮೊದಲು ಕಾಣುವುದು ತನ್ನ ಮೂಗೇ ಎಂಬುದು ಅವನ ದುಃಖ. ಮೊದಲ ದಿನಗಳಲ್ಲಿ ಉಸಿರೆಲ್ಲ ಬಾಯಿಂದ. ಕಣ್ಣ ಕೆಳಗೆ ಬದನೆಕಾಯಿ ಬಣ್ಣ. ದಿಂಬಿನ ಮೇಲೆ ದಿಂಬಿಟ್ಟು ನಿದ್ದೆ. ಮೂಗು ಸೀಟುವಂತಿಲ್ಲ, ಸೀನಿದರೂ ಬಾಯಿ ತೆರೆದೇ ಸೀನಬೇಕು. ಅಂದಕ್ಕಾಗಿ ಮೂಗು ಕೊಯ್ಯಿಸಿಕೊಂಡ ಗಂಡಸು ಎಂಬ ಹೆಸರು ಬಂದರೆ ಅಂಗಡಿ ಮುಚ್ಚಬೇಕಾದೀತೆಂದು, ಬೈಕಿನಿಂದ ಬಿದ್ದ ಎಂದು ಊರಿಗೆ ಹೇಳಿದ್ದೆವು. ಮಾತಾಡಿಸಲು ಬಂದವರು ಬ್ರೆಡ್ಡು ಕೊಟ್ಟು, ಬೈಕಿಗೆ ಒಂದು ಗೀರೂ ಬಿದ್ದಿಲ್ಲವೆಂದು ಸಂತೋಷಪಟ್ಟು ಹೋದರು.

ಪಟ್ಟಿ ಬಿಚ್ಚಿದಾಗ ಮೂಗು ಮೊದಲಿಗಿಂತ ದಪ್ಪವಿತ್ತು. ಬಾವು ಪೂರಾ ಇಳಿಯಲು ವರ್ಷವೇ ಹಿಡಿಯಬಹುದು, ಸದ್ಯಕ್ಕೆ ಒತ್ತಬೇಡಿ, ಮೂಳೆ ಸರಿಯುತ್ತದೆ ಎಂದಿದ್ದರು ಡಾಕ್ಟರು. ಆ ಭಯಕ್ಕೆ ನನ್ನ ತಮ್ಮ ಕನ್ನಡಕವನ್ನೂ ಹಾಕುತ್ತಿರಲಿಲ್ಲ.

ಹಬ್ಬಕ್ಕೆ ಲಿಂಗಸುಗೂರಿನಿಂದ ಸೋದರತ್ತೆ ಬಂದರು. ನಮ್ಮ ಮನೆತನದ ಕೂಸುಗಳಿಗೆಲ್ಲ ಎರೆದು, ಹೆಬ್ಬೆರಳಿನಿಂದ ಮೂಗು ತೀಡಿ ನೇರ ಮಾಡಿದವರು ಅವರೇ. ತಮ್ಮನ ತಲೆಗೆ ಎಣ್ಣೆ ಹಚ್ಚಿದ ಮೇಲೆ ಅವರ ಕೈ ಹಣೆಗೆ ಇಳಿಯಿತು.

"ಬಿದ್ದ ಬಾವು ತಾನಾಗೇ ಇಳಿಯಂಗಿಲ್ಲ. ತೀಡಬೇಕು."

"ಅತ್ತೀ, ಡಾಕ್ಟರ್ ಮುಟ್ಟಬ್ಯಾಡ ಅಂದಾರ್ರೀ" ಎಂದ ತಮ್ಮ.

"ಬೈಕ್ ಮ್ಯಾಲಿಂದ ಬಿದ್ದಾಂವಗ ಯಾವ ಡಾಕ್ಟರ್ ಹಂಗಂತಾನ? ಸುಮ್ನ ಕುಂಡ್ರಲೇ. ಕೂಸಿದ್ದಾಗೂ ಹಿಂಗ ಒದರತಿದ್ದಿ."

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನಕ್ಕಳು. "ಗಂಡಸಾಗಿ ಮೂಗಿಗಿ ಇಷ್ಟ್ ಅಂಜತಿಯಲ್ಲೋ ತಮ್ಮಾ!"

ನಿಜ ಹೇಳಿದರೆ ಮೂಗು ಉಳಿಯುತ್ತಿತ್ತು. ಆದರೆ ಆಕೆಯ ಕಿವಿಗೆ ಬಿದ್ದದ್ದು ಆರತಿ ಮುಗಿಯುವುದರೊಳಗೆ ಸಿಂಧನೂರು ಮುಟ್ಟುತ್ತಿತ್ತು. ತಮ್ಮ ನನ್ನನ್ನು ನೋಡಿದ. ಆರತಿ ತಟ್ಟೆ ಹಿಡಿದು ನಿಂತಿದ್ದ ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನು ಬಕೆಟ್ ಕೆಳಗಿಟ್ಟೆ, ಅಷ್ಟೇ. ಅವನು ಕಣ್ಣು ಮುಚ್ಚಿದ.

ಹೆಬ್ಬೆರಳು ಹುಬ್ಬಿನ ನಡುವಿನಿಂದ ತುದಿಯತನಕ ಇಳಿಯಿತು. ಸಣ್ಣ ಸಪ್ಪಳ ಕೇಳಿಸಿತು ಅನಿಸುತ್ತದೆ. ಆಣೆ ಮಾಡಿ ಹೇಳಲಾರೆ. ರಕ್ತವನ್ನು ಮಾತ್ರ ಕಂಡೆ: ಎಡ ಹೊಳ್ಳೆಯಿಂದ, ಎಣ್ಣೆಯೊಡನೆ ಬೆರೆತು, ತುಟಿಯ ಮೇಲೆ.

"ಕೆಟ್ಟ ರಕ್ತ ಹೋತು ನೋಡು" ಎಂದರು ಅತ್ತೆ.

ಹೈದರಾಬಾದಿನ ಡಾಕ್ಟರು, ಮೂಗಿಗೆ ಏನಾಯಿತು ಎಂದು ಕೇಳಿದಾಗ ತಮ್ಮ, ಬೈಕಿನಿಂದ ಬಿದ್ದೆ ಎಂದ. ಮೂಗು ಈಗ ಎಡಕ್ಕೆ ತುಸು ವಾಲಿದೆ. ಮತ್ತೆ ಆಪರೇಷನ್ ಆಗಬೇಕಂತೆ, ಬಾವು ಪೂರಾ ಇಳಿದ ಮೇಲೆ.

ಇದನ್ನು ಕಣ್ಣಾರೆ ಕಂಡವರು ನನ್ನ ಹೊರತು ಅವ್ವ, ಪಕ್ಕದ ಮನೆಯಾಕೆ, ಅತ್ತೆ. ಎಲ್ಲರೂ ಬದುಕಿದ್ದಾರೆ. ಈ ಮಾತು ತೆಗೆದರೆ ಅವ್ವ ಒಳಗೆ ಎದ್ದುಹೋಗುತ್ತಾಳೆ. ಪಕ್ಕದಾಕೆ, ಆ ಬೈಕನ್ನು ಮೊದಲು ಮಾರಿರಿ ಎನ್ನುತ್ತಾಳೆ. ಅತ್ತೆ ಮಾತ್ರ, ಬರುವ ಹಬ್ಬಕ್ಕೆ ಬಂದು ಉಳಿದದ್ದನ್ನು ತೀಡುವುದಾಗಿ ಹೇಳಿ ಕಳಿಸಿದ್ದಾರೆ.