ತಣ್ಣೀರಿಗೆ ಹೋದ ಕಲೆ

ಧಾರವಾಡದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ ಮೊದಲ ವಾರವೇ ನನ್ನ ಗಂಡನ ಬೆವರಿಗೂ ಬಣ್ಣವಿದೆ ಎಂದು ತಿಳಿಯಿತು. ಧಾರಾವಿಯಲ್ಲಿ ಚರ್ಮಕ್ಕೆ ಬಣ್ಣ ಹಾಕುವ ಶೆಡ್ಡಿನಲ್ಲಿ ಅವರು ಪುಡಿ ಕಲಸುತ್ತಿದ್ದರು. ದಿಂಬೆಲ್ಲ ಕೆಂಪು, ಉಗುಳಿದರೆ ಅದೂ ಕೆಂಪು. ನಿನ್ನ ಗಂಡನಿಗೆ ವರ್ಷವಿಡೀ ಹೋಳಿ ಎಂದು ವಡಾಲದ ನಮ್ಮ ಚಾಳಿನ ಸಾಲುಮನೆಗಳ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಗೆಯುವವಳು ನಾನು. ಆ ಕಲೆ ಸೋಡಾಕ್ಕೂ ಜಗ್ಗದು, ಕುದಿಯುವ ನೀರಿಗೂ ಜಗ್ಗದು. ನಳದ ನೀರು ನಿಲ್ಲುವುದರೊಳಗೆ ನನ್ನ ಸಿಟ್ಟೆಲ್ಲ ಅವರ ಧೋತರದ ಮೇಲೆ ತೀರುತ್ತಿತ್ತು.

ಐವತ್ತರ ದಶಕದ ನಡುವೆ, ಒಂದು ದಸರೆಯ ಹೊತ್ತಿಗೆ, ಅವರ ಚಡ್ಡಿಯ ಮುಂಭಾಗದಲ್ಲಿ ಕೆಂಪು ಕಲೆ ಕಾಣತೊಡಗಿತು. ಕೈ ಒರೆಸಿಕೊಳ್ಳಲು ಬೇರೆ ಜಾಗವೇ ಸಿಗಲಿಲ್ಲವೇ ಎಂದು ಬೈದೆ. ಆದರೆ ಇದು ತಣ್ಣೀರಿನಲ್ಲಿ ಎರಡು ಸಲ ಹಿಂಡಿದರೆ ಹೋಗುತ್ತಿತ್ತು. ನನಗೆ ಖುಷಿ. ಶೆಡ್ಡಿನ ಮಾಲೀಕ ಶೇಟ್ ಒಳ್ಳೆಯ ಬಣ್ಣ ತರಿಸಿರಬೇಕು ಎಂದುಕೊಂಡೆ. ತಿಂಗಳು ತಿಂಗಳೂ ನನ್ನದೇ ಬಟ್ಟೆಯ ರಕ್ತದ ಕಲೆಯನ್ನು ತಣ್ಣೀರಿನಲ್ಲಿ ತೆಗೆದವಳು, ಕಣ್ಣಿದ್ದೂ ಕುರುಡಿಯಾದೆ. ಅವರಿಗೆ ನೋವಿರಲಿಲ್ಲ, ಅವರೂ ಏನೂ ಹೇಳಲಿಲ್ಲ.

ಬೇಸಿಗೆಯಲ್ಲಿ ಮೂತ್ರ ಕಟ್ಟಿ ಒದ್ದಾಡಿದಾಗ ಆಸ್ಪತ್ರೆಗೆ ಸೇರಿಸಿದೆವು. ಕೊಳವೆಯ ತುದಿಗೆ ಪುಟ್ಟ ದೀಪವಿಟ್ಟು ಮೂತ್ರಚೀಲದೊಳಗೆ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಿನ ಕಾದ ಮೇಲೆ ಮರಾಠಿ ಡಾಕ್ಟರು ನನ್ನೊಬ್ಬಳನ್ನೇ ಕರೆದರು. ಮೂತ್ರಚೀಲದ ಕ್ಯಾನ್ಸರು, ಅದರಲ್ಲೂ ಅಪರೂಪದ ಜಾತಿ ಎಂದರು. ಸಾಮಾನ್ಯದ್ದಾಗಿದ್ದರೆ ಕೆರೆದು ತೆಗೆಯಬಹುದಿತ್ತು, ಕೆಲವರು ವರ್ಷಗಟ್ಟಲೆ ಬದುಕುವುದೂ ಉಂಟು. ಇದು ಆಗಲೇ ಚೀಲದ ಗೋಡೆ ದಾಟಿದೆ, ಇಂಥದ್ದನ್ನು ತಾವು ನೋಡಿರುವುದೇ ಎರಡು ಸಲ ಎಂದರು. ಬಣ್ಣದಿಂದ ಬಂತೇ ಎಂದು ಕೇಳಿದೆ. ಇರಬಹುದು ಎಂದರು. ದಸರೆಗೇ ಕರೆತಂದಿದ್ದರೆ ಉಳಿಯುತ್ತಿದ್ದರೇ ಎಂದೆ. ಅವರು ಕಾಗದವನ್ನು ಇನ್ನೊಮ್ಮೆ ಓದಿ, ಗೊತ್ತಿಲ್ಲ ತಾಯಿ ಎಂದರು. ಹೌದು ಎಂದಿದ್ದರೆ ಎದೆ ಬಡಿದುಕೊಂಡು ಅಳುತ್ತಿದ್ದೆ, ಇಲ್ಲ ಎಂದಿದ್ದರೆ ಹಗುರಾಗುತ್ತಿದ್ದೆ. ಎರಡಕ್ಕೂ ದಾರಿಯಿಲ್ಲದೆ ವರಾಂಡದ ಬೆಂಚಿನ ಮೇಲೆ ಕುಳಿತೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಚಾಳಿನವರು ಸಮಾಧಾನ ಹೇಳಿದರು. ಗಾದೆ ಹೇಳುವುದಕ್ಕೆ ಅವರಿಗೇನು, ಗಂಡ ನನ್ನವನು.

ಮಳೆಗಾಲದಲ್ಲಿ ಅವರು ಆಸ್ಪತ್ರೆಯ ಹಾಸಿಗೆಯಿಂದ ಏಳುವುದೂ ನಿಂತಿತು. ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತ, ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ರಕ್ತವನ್ನು ಕೈಯಾರೆ ತೊಳೆದೆ, ತೊಳೆದು ಖುಷಿಪಟ್ಟೆ ಎಂದೂ ಹೇಳಿದೆ. ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ರಕ್ತ ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು," ಎಂದರು. "ಹೇಳಿದ್ರ ಕೆಲಸ ಬಿಡಸ್ತಿದ್ದಿ ನೀ. ಅದಕ್ಕ ಹೇಳ್ಲಿಲ್ಲ."

ಸಾಯುವವರ ಮೇಲೆ ಸಿಟ್ಟು ಮಾಡಬಾರದಂತೆ. ನನಗೆ ಬಂತು. ಬಾಯಿಗೆ ಬಂದಂತೆ ಬೈದೆ, ಪಕ್ಕದ ಮಂಚದವರು ತಿರುಗಿ ನೋಡುವಷ್ಟು. ಅವರು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿಸಿಕೊಂಡರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಅವರ ಪ್ರಜ್ಞೆ ತಪ್ಪಿತ್ತು, ಎರಡು ದಿನ ಹಾಗೇ ಇದ್ದು ಹೋದರು.

ತಪ್ಪನ್ನೆಲ್ಲ ತಾವೇ ಹೊತ್ತುಕೊಳ್ಳಲು ಸುಳ್ಳು ಹೇಳಿರಬಹುದು ಎಂದು ನನಗೆ ಹೊಳೆದದ್ದು ಹದಿಮೂರನೆಯ ದಿನ, ಬಂದವರಿಗೆ ಬಡಿಸುವಾಗ. ನಿಜವೇ ಎಂದು ಕೇಳಲು ಅವರಿಲ್ಲ. ಅವರ ಕಿವಿಗೆ ಬಿದ್ದ ನನ್ನ ಕೊನೆಯ ಮಾತು ಬೈಗುಳ.