ಕಂಪ್ಯೂಟರಿನ ಔಷಧಿಗೆ ಪಥ್ಯ

ಚಳ್ಳಕೆರೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದ ಮೇಲೆ ನನಗೆ ಒರೆಸುವ ಸಾಮಾನು ಒಂದು ಹೆಚ್ಚಾಯಿತು, ಅಷ್ಟೆ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಪ್ರಶ್ನೆಪತ್ರಿಕೆ ಟೈಪು ಮಾಡಲು ತಂದದ್ದು. ಶಾಲೆಯಿಂದ ಬಂದು ಒಂದು ಗಳಿಗೆ ಅದರ ಮುಂದೆ ಕೂರುತ್ತಿದ್ದರು. ಉಳಿದ ಹೊತ್ತೆಲ್ಲ ಅದು ಸುಮ್ಮನೆ. ಎಲ್ಲೋ ಓದಿಕೊಂಡು ಬಂದವರು ಒಂದು ದಿನ ಇಂಟರ್ನೆಟ್ಟಿನಿಂದ ಏನನ್ನೋ ಇಳಿಸಿಕೊಂಡರು. ನಾವು ಬಳಸದ ಹೊತ್ತಿನಲ್ಲಿ ನಮ್ಮ ಕಂಪ್ಯೂಟರು ದೂರದ ವಿಜ್ಞಾನಿಗಳಿಗೆ ಲೆಕ್ಕ ಮಾಡಿಕೊಡುತ್ತದಂತೆ. ಲೋಕದ ತುಂಬ ಎಷ್ಟೋ ಮನೆಗಳಲ್ಲಿ ಹೀಗೆ ಪುಕ್ಕಟೆ ಮಾಡಿಕೊಡುತ್ತಾರಂತೆ.

"ಯಾತರ ಲೆಕ್ಕರೀ?" ಅಂದೆ.

"ಕ್ಯಾನ್ಸರಿಗೆ ಔಷಧಿ ಹುಡುಕೋ ಲೆಕ್ಕ ಕಣೇ."

ಆ ಹೆಸರನ್ನು ಆ ವರ್ಷ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ತಂಗಿಗೆ ಎದೆಯಲ್ಲಿ ಗಂಟಾಗಿತ್ತು.

ತಂಗಿಯನ್ನು ಕೊಟ್ಟದ್ದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ನೇಯುವ ಮನೆಗೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಬರುವಾಗ ಅಷ್ಟು ದೂರ ಬಸ್ಸಿನಲ್ಲಿ ಕೂರಲಾರದೆ ನಮ್ಮಲ್ಲಿ ಇಳಿದುಕೊಳ್ಳುತ್ತಿದ್ದಳು. ಕಂಪ್ಯೂಟರ್ ಇದ್ದ ಕೋಣೆಯಲ್ಲೇ ಮಂಚ. ವಾಂತಿ ನಿಂತ ಮೇಲೆ ಆ ಪರದೆಯನ್ನೇ ನೋಡುತ್ತಾ ಮಲಗುತ್ತಿದ್ದಳು. ಅದರಲ್ಲಿ ಬಣ್ಣಬಣ್ಣದ ಎಳೆಯೊಂದು ತನಗೆ ತಾನೇ ಸುತ್ತಿಕೊಂಡು ಮೆಲ್ಲಗೆ ತಿರುಗುತ್ತಿತ್ತು.

"ಏನ್ ಭಾವ ಅದು, ಎಳೆ ಸಿಕ್ಕಾದಂಗೈತೆ?"

"ಹಂಗೇ ಅನ್ಕೋ. ನಮ್ಮ ಮೈಯೊಳಗಿನ ಎಳೆ. ಅದು ಹೆಂಗೆ ಮಡಚಿಕೊಳ್ತೈತೆ ಅಂತ ಗೊತ್ತಾದ್ರೆ ನಿನ್ನ ಕಾಯಿಲೆಗೆ ಔಷಧಿ ಸಿಗ್ತೈತೆ."

"ಒಂದು ಸಿಕ್ಕಿಗೆ ಇಷ್ಟು ದಿನವಾ? ನಮ್ಮತ್ತೆ ಕೈಗೆ ಕೊಡ್ರಿ, ಊಟದ ಹೊತ್ತಿನೊಳಗೆ ಬಿಡಿಸಿಡ್ತಾಳೆ," ಅಂದು ನಕ್ಕಳು. ಅವಳು ನಕ್ಕಿದ್ದು ಕಂಡು ನನಗೆ ಆ ಮಿಷನ್ನಿನ ಮೇಲೆ ಮೊದಲ ಸಲ ಅಕ್ಕರೆ ಬಂತು.

ಮುಂದಿನ ಸರದಿಗೆ ಅವಳು ಬರಲಿಲ್ಲ. ಅವರ ಪಕ್ಕದ ಮನೆಗೆ ಫೋನ್ ಮಾಡಿದರೆ ತಂಗಿಯ ಗಂಡ ಬಂದು, "ಆಸ್ಪತ್ರೆ ಬ್ಯಾಡ ಅಂತ ಕುಂತವ್ಳೆ ಅಕ್ಕಾ, ನೀವೇ ಬಂದು ಹೇಳ್ರಿ" ಅಂದರು. ದೇವರಿಗೆ ಒಂದು ದೀಪ ಹಚ್ಚಿ ಬಸ್ ಹತ್ತಿದೆ. ಕೂರಲು ಜಾಗ ಸಿಕ್ಕಿತು. ಆ ಬಿಸಿಲಿನಲ್ಲಿ ಅದೂ ಅವನ ದಯೆಯೇ.

ನಾನು ಹೋದಾಗ ತಂಗಿ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಬರೀ ಅನ್ನ, ಹಾಲು. ಉಪ್ಪಿಲ್ಲ, ಹುಳಿಯಿಲ್ಲ.

"ಇದೇನೇ?"

"ಪಥ್ಯ ಅಕ್ಕ."

"ಯಾವ ಔಷಧಿಗೆ?"

"ಭಾವ ಮಾಡಿಸ್ತಾರಲ್ಲ, ಅದಕ್ಕೆ."

ನಮ್ಮ ಕಡೆ ನಾಟಿ ಔಷಧಿ ಕೊಡುವವರು ಮೊದಲು ಹೇಳುವ ಮಾತು ಅದು. ಒಂದು ಔಷಧಿ ಹಿಡಿದ ಮೇಲೆ ಇನ್ನೊಂದನ್ನು ಮುಟ್ಟಬಾರದು, ಮುಟ್ಟಿದರೆ ಎರಡೂ ಕೆಡುತ್ತವೆ. ಕಾಮಾಲೆಗೆ ಸೊಪ್ಪು ಅರೆದು ಕುಡಿಸಿದಾಗ ಅವ್ವ ನಮಗೆ ಡಾಕ್ಟರ ಮಾತ್ರೆಯನ್ನು ಮುಟ್ಟಗೊಟ್ಟಿರಲಿಲ್ಲ. ಬರಲಿರುವ ಔಷಧಿ ಮೈಗೆ ಹಿಡಿಯಲಿ ಅಂತ ಇವಳು ಇಂಜೆಕ್ಷನ್ನನ್ನೇ ಬಿಟ್ಟು ಕೂತಿದ್ದಳು.

ಹೇಳದೆ ವಿಧಿಯಿರಲಿಲ್ಲ. "ಅದು ನಮಗಲ್ಲ ಕಣೇ. ದೇವರಿಗೆ ಬಿಟ್ಟ ಎತ್ತುಗಳಿಗೆ ಮೇವು ಹಾಕ್ತೀವಲ್ಲ, ಅವೇನು ನಮ್ಮ ಹೊಲ ಉಳ್ತಾವಾ? ಹಂಗೆ ಇದು. ಮುಂದೆ ಯಾರಿಗೋ ಆಗ್ತೈತೆ."

"ಯಾರಿಗೆ?"

"ನಂಗೇನು ಗೊತ್ತು. ಇನ್ನೂ ಹುಟ್ಟದೇ ಇರೋರಿಗೆ ಇರಬೌದು."

ತಂಗಿ ತಟ್ಟೆ ಸರಿಸಿದಳು. "ನಂಗೂ ಒಂದು ಗುಮಾನಿ ಇತ್ತಕ್ಕ," ಅಂದಳು. "ಆದ್ರೂ ನಂಬಿದೆ. ನಂಬಿದ್ರೆ ಆ ಬಸ್ ಹತ್ತೋದು ತಪ್ಪುತ್ತಲ್ಲ. ಸಾಕಾಗೈತೆ ನಂಗೆ."

"ನಂಗೂ ಸಾಕಾಗೈತೆ," ಅಂದೆ. "ನಿನ್ನ ತಲೆ ಹಿಡ್ಕೊಂಡು ನಿಂತು, ಬಕೆಟ್ ತೊಳೆದು ಸಾಕಾಗೈತೆ. ಆದ್ರೂ ತೊಳೀತೀನಿ. ನಡಿ."

ಅವಳು ನನ್ನ ಮುಖ ನೋಡಿದಳು. "ಎಲ್ಲಾರೂ ಏನೂ ಆಗಲ್ಲ ಅಂತಾರೆ. ನಿಂಗೆ ಸುಳ್ಳು ಹೇಳೋಕೂ ಬರಲ್ಲ," ಅಂದು ತಟ್ಟೆಯನ್ನು ಮತ್ತೆ ಎಳೆದುಕೊಂಡಳು. "ಒಂದು ಚೂರು ಉಪ್ಪಿನಕಾಯಿ ಹಾಕು."

ಮರುದಿನ ದಾವಣಗೆರೆಗೆ ಹೋದೆವು. ಸರದಿ ತಪ್ಪಿಸಿದ್ದಕ್ಕೆ ಡಾಕ್ಟರಮ್ಮ ಬೈದರು, ಬೈದೇ ಇಂಜೆಕ್ಷನ್ ಹಾಕಿಸಿದರು. "ತಡ ಆಯ್ತಾ ಮೇಡಂ?" ಅಂತ ಕೇಳಿದೆ. "ನೋಡೋಣ" ಅಂದರು. ಹೌದು ಎನ್ನಲಿಲ್ಲವಲ್ಲ, ಅಷ್ಟನ್ನೇ ಸೆರಗಿಗೆ ಕಟ್ಟಿಕೊಂಡು ಬಂದೆ.

ಸಂಜೆ ನಮ್ಮ ಮನೆಯ ಮಂಚದ ಮೇಲೆ ಅವಳು ಹೊರಳಾಡುವಾಗ ನಮ್ಮ ಮನೆಯವರು, "ಈ ಕಂಪ್ಯೂಟರಿಂದ ಸೆಕೆ ಆಗ್ತೈತೇನೋ, ಇದನ್ನ ಆರಿಸಿಬಿಡ್ಲಾ?" ಅಂದರು. ತಂಗಿ ಕಣ್ಣು ತೆರೆಯದೆ, "ಇರ್ಲಿ ಬಿಡ್ರಿ ಭಾವ, ಯಾರೋ ಕಾಯ್ತಿರ್ತಾರೆ" ಅಂದಳು. ಆಮೇಲೆ ಎರಡು ಸೌಟು ಗಂಜಿ ಕುಡಿದಳು. ಅದು ಹೊಟ್ಟೆಯಲ್ಲಿ ನಿಂತಿತು.