ತಾಂಡೇಲರು ತೊಳೆದ ಕಾರು

ಏಪ್ರಿಲ್ ತಿಂಗಳ ಮಧ್ಯಾಹ್ನ. ಅಂಕೋಲೆಯ ಪೇಟೆಯಲ್ಲಿ ಮಾವಿನ ಬುಟ್ಟಿ ಹೇರಿಕೊಂಡ ಟೆಂಪೋ ಒಂದು ರಸ್ತೆಗೆ ಅಡ್ಡ ನಿಂತಿತ್ತು. ಅದರ ಹಿಂದೆ ನನ್ನ ಹಳೆಯ ಕಾರು. ನಿಂತ ಸ್ವಲ್ಪ ಹೊತ್ತಿಗೆ ಎ.ಸಿ.ಯ ಗಾಳಿ ಬೆಚ್ಚಗಾಯಿತು, ಜೊತೆಗೆ ಒಂದು ವಾಸನೆ ಬಂತು. ಕೊಳೆತ ಪಾಚಿ, ಹಸಿ ಮರಳು, ಒಂದಿಷ್ಟು ಮೀನು... ಮಾವಿನಹಣ್ಣಿನ ಘಮದ ನಡುವೆ ಮೀನುದೋಣಿ ನಿಲ್ಲುವ ದಕ್ಕೆಯ ವಾಸನೆ ಎಲ್ಲಿಂದ ಬರಬೇಕು? ಕಿಟಕಿ ಇಳಿಸಿದೆ, ವಾಸನೆ ಕಡಿಮೆಯಾಯಿತು. ಏರಿಸಿದೆ, ಮತ್ತೆ ಬಂತು. ಅದು ಕಾರಿನೊಳಗಿಂದಲೇ ಬರುತ್ತಿತ್ತು. ಆಗ ನೆನಪಾದವರು ಕಾರವಾರದ ನಮ್ಮ ಪಕ್ಕದ ಮನೆಯ ತಾಂಡೇಲರು.

ತಾಂಡೇಲ ಅಂದರೆ ಟ್ರಾಲರಿನ ಚುಕ್ಕಾಣಿ ಹಿಡಿಯುವವರು, ಬಲೆ ಎಲ್ಲಿ ಇಳಿಸಬೇಕು ಎಂದು ಹೇಳುವವರು. ನಾನು ಅಂಕೋಲೆಯ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಸೇರಿ, ಕಾರವಾರದಲ್ಲಿ ಮನೆ ಮಾಡಿದಾಗ ಅವರ ಮೊಣಕಾಲು ಹೋಗಿ, ದೋಣಿ ಬಿಟ್ಟಾಗಿತ್ತು. ಆದರೂ ಬೆಳಗಾದರೆ ಬೈತಖೋಲದ ದಕ್ಕೆಗೆ ಹೋಗಿ ನಿಲ್ಲದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಸಂಜೆ ಅವರ ಮನೆಯ ಜಗಲಿಯ ಚಿಟ್ಟೆಯ ಮೇಲೆ ಕೂತು ನಾವಿಬ್ಬರೂ ವಾದಿಸುತ್ತಿದ್ದೆವು. ಚಂದ್ರನಿಂದ ಕಡಲಿನ ನೀರು ಏರಿ ಭರತ ಬರುವುದು ಹೇಗೆ, ದೇವರಿದ್ದಾನೋ ಇಲ್ಲವೋ, ಗೋವೆಯ ಮೀನು ನಮ್ಮ ಮೀನಿಗಿಂತ ಯಾಕೆ ರುಚಿ ಕಡಿಮೆ. ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ, ಅವರೂ ಅಲ್ಲ. ಆದರೆ ನಾನು ಬಿಡಿಸಿ ಹೇಳಿದ ಮೇಲೆ ತಲೆದೂಗಿ, "ಹೊಯ್ ಮಾಸ್ತರ್ರೆ, ಹೊಯ್," ಎನ್ನುತ್ತಿದ್ದರು. ಕೊಂಕಣಿಯ ಆ ಒಂದು ಹೌದು ಕೇಳುವುದಕ್ಕೇ ನಾನು ಹೋಗುತ್ತಿದ್ದೆನೇನೋ. ಸ್ಟಾಫ್ ರೂಮಿನಲ್ಲಿ ನನ್ನ ಮಾತಿಗೆ ಯಾರೂ ಅಷ್ಟು ಗಮನ ಕೊಟ್ಟದ್ದಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಕಾರು ಅವರ ಕೈಗೆ. ಮೀನಿನ ಹರಾಜಿನ ಗದ್ದಲ ನನಗೆ ಆಗದು. ಎರಡೂ ಮನೆಗೆ ಮೀನು ತರುವುದು ಅವರೇ. ಬರುವಾಗ ಕಾರು ಥಳಥಳ ತೊಳೆದು ತರುತ್ತಿದ್ದರು. "ಮೀನು ಹೇರಿದ ಮೇಲೆ ತೊಳೀದೇ ತರೂದೆಂಥ ಮರ್ಯಾದೆ?" ಎನ್ನುತ್ತಿದ್ದರು. ಎಲ್ಲಿ ತೊಳೆದಿರಿ ಎಂದು ಒಮ್ಮೆ ಕೇಳಿದ್ದಕ್ಕೆ, ದಕ್ಕೆಯ ಹತ್ತಿರ ಹೆಂಡತಿಯ ತಮ್ಮನ ಬಾವಿ ಇದೆ ಎಂದಿದ್ದರು.

ಕೇಳಿದ್ದಕ್ಕೆ ಕಾರಣವಿತ್ತು. ದೋಣಿಯವರು ತಾವು ನಿಂತು ಕೆಲಸ ಮಾಡುವ ಮರದ ಅಟ್ಟವನ್ನು ಯಾವಾಗಲೂ ಸಮುದ್ರದ ನೀರಿನಲ್ಲೇ ತೊಳೆಯುತ್ತಾರೆ. ಸಿಹಿನೀರು ನಿಂತರೆ ಮರ ಕೊಳೆಯುತ್ತದೆ, ಉಪ್ಪುನೀರಿಗೆ ಗಟ್ಟಿಯಾಗುತ್ತದೆ. ಅದು ನಿಜ. ತಾಂಡೇಲರು ಇದನ್ನು ಬುಟ್ಟಿಗೆ, ಹಗ್ಗಕ್ಕೆ, ಸೈಕಲ್ಲಿಗೆ, ತಮ್ಮ ಮೊಣಕಾಲಿಗೆ ಸಹ ಅನ್ವಯಿಸುತ್ತಿದ್ದರು. ಮರ ಬೇರೆ, ಲೋಹ ಬೇರೆ ಎಂದು ನಾನು ಒಂದು ಸಂಜೆ ವಿವರಿಸಿದೆ. ಕಾರಿಗೆ ಮಾತ್ರ ಉಪ್ಪುನೀರು ಬೇಡ, ಇದೊಂದು ಮಾತು ನಡೆಸಿಕೊಡಿ ಎಂದೆ. ಅವರು ಹೊಯ್ ಅಂದರು. ಅಂದರು ಎಂದೇ ನನ್ನ ನೆನಪು...

ಈಗ ಅವರು ಹೋಗಿ ಕೆಲವು ವರ್ಷ. ಎ.ಸಿ. ಸೋಲುತ್ತಾ ಬಂದದ್ದು ನಿಧಾನಕ್ಕೆ. ಹೆದ್ದಾರಿಯಲ್ಲಿ ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ. ಗ್ಯಾಸ್ ಕಡಿಮೆಯಾಗಿದೆ ಎಂದು ತುಂಬಿಸಿದೆ, ಫಿಲ್ಟರ್ ಬದಲಿಸಿದೆ, ಏನೂ ಆಗಲಿಲ್ಲ. ಆ ವಾಸನೆ ಬಂದ ದಿನವೇ ಅಂಕೋಲೆಯ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಮೀಟರ್ ಹಚ್ಚಿ ನೋಡಿ ಗ್ಯಾಸ್ ಸರಿಯಿದೆ, ಒತ್ತಡ ಮಾತ್ರ ಜಾಸ್ತಿ ಇದೆ ಎಂದ. ಫ್ಯಾನೂ ತಿರುಗುತ್ತಿತ್ತು. ಮುಂದಿನ ಜಾಲರಿ ಬಿಚ್ಚಿದಾಗ ಕಂಡೆನ್ಸರ್ ಕಂಡಿತು. ಎ.ಸಿ.ಯ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಭಾಗ ಅದು. ನಾನು ಬೆರಳಿಟ್ಟರೆ ಅದರ ತೆಳ್ಳಗಿನ ರೆಕ್ಕೆಗಳು ಹಳೆಯ ಹಪ್ಪಳದ ಹಾಗೆ ಪುಡಿಯಾದವು.

"ಸಮುದ್ರದ ಬದೀ ಕಾರಲ್ಲವಾ ಸರ್, ಎಲ್ಲದೂ ಹೀಂಗೇ," ಎಂದ ಮೆಕ್ಯಾನಿಕ್. "ಗಾಳಿಯಲ್ಲೇ ಉಪ್ಪು ಇರ್ತದೆ."

ನನಗೆ ಒಪ್ಪಿಗೆಯಾಗಲಿಲ್ಲ. ಸಹೋದ್ಯೋಗಿಯೊಬ್ಬರ ಇದೇ ವಯಸ್ಸಿನ ಕಾರು ಕಡಲಿಗೆ ನಮಗಿಂತ ಹತ್ತಿರ ನಿಲ್ಲುತ್ತದೆ, ಅದರದ್ದು ಸರಿಯಿದೆ. ವೈಪರಿನ ಕೆಳಗೆ, ಹೊರಗಾಳಿ ಒಳಗೆ ಹೋಗುವ ದಾರಿಯ ಮುಚ್ಚಳ ತೆಗೆಸಿದೆ. ಅಲ್ಲಿ ಮರಳಿತ್ತು, ಕಪ್ಪಾದ ಪಾಚಿಯ ಎಳೆಗಳಿದ್ದವು, ಚಿಪ್ಪಿನ ಸಣ್ಣ ಚೂರುಗಳಿದ್ದವು. ವಾಸನೆ ಅಲ್ಲಿಂದಲೇ. ಗಾಳಿ ಉಪ್ಪನ್ನು ತರಬಹುದು, ಚಿಪ್ಪನ್ನು ತರುವುದಿಲ್ಲ. ಸಿಹಿನೀರಿನ ಬಾವಿಯಲ್ಲೂ ಕಡಲಿನ ಚಿಪ್ಪು ಇರುವುದಿಲ್ಲ.

ಮೆಕ್ಯಾನಿಕ್ ನಕ್ಕ. "ಕಾರು ತೊಳ್ದದ್ದಾ, ಕಾರಲ್ಲೇ ಮೀನು ಹಿಡಿದದ್ದಾ ಸರ್?"

ಮನೆಗೆ ಬರುವ ದಾರಿಯುದ್ದಕ್ಕೂ ನಾನು ನನ್ನನ್ನೇ ಪಾಟೀಸವಾಲು ಮಾಡಿಕೊಂಡೆ. ಅವರು ಮಾತು ಕೊಟ್ಟಿದ್ದರೋ, ಬರೀ ನಕ್ಕಿದ್ದರೋ? ಬಾವಿ ಅಂದದ್ದು ಹೌದೋ, ನನ್ನ ಸಮಾಧಾನಕ್ಕೆ ನಾನೇ ಕಟ್ಟಿಕೊಂಡದ್ದೋ? ಸತ್ತವರ ಬಗ್ಗೆ ನೆನಪು ತನಗೆ ಬೇಕಾದ ಹಾಗೆ ಮಾತು ಸೇರಿಸುತ್ತದೆ ಎಂದು ನನಗೆ ಗೊತ್ತು. ಮಾತೇ ಆಗಿರದಿದ್ದರೆ ಮೋಸವೂ ಇಲ್ಲ. ಆಗಿದ್ದರೆ, ಇಷ್ಟು ವರ್ಷ ನಾನು ಸ್ನೇಹ ಎಂದು ಇಟ್ಟುಕೊಂಡದ್ದು ಏನು?

ತಾಂಡೇಲರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಅವರು ಚಿಟ್ಟೆಯ ಮೇಲೆ ಕೂತು ಸೀಗಡಿ ಸುಲಿಯುತ್ತಿದ್ದರು.

"ವೈನಿ, ಕಾರು ತೊಳೀತಿದ್ದದ್ದು ನಿಮ್ಮ ತಮ್ಮನ ಬಾವಿಯಲ್ಲೇ ಅಲ್ಲವಾ?"

"ನನ್ನ ತಮ್ಮ ಇರೂದು ಮಾಜಾಳಿಯಲ್ಲಿ ಅಲ್ಲವಾ? ಬೈತಖೋಲದಲ್ಲಿ ನಮ್ಮವರು ಯಾರಿದ್ದಾರೆ?" ಅವರು ಕೈ ನಿಲ್ಲಿಸಲಿಲ್ಲ. "ದೋಣಿ ತೊಳೆಯೂ ಪಂಪ್ ಇಲ್ಲವಾ ದಕ್ಕೆಯಲ್ಲಿ, ಅದರಲ್ಲೇ. ಪೈಪ್ ಹಿಡಿದರೆ ಬಿಡೂ ಜನವಾ ಅದು?"

"ಉಪ್ಪುನೀರು ಬೇಡ ಅಂತ ನಾನು ಹೇಳಿದ್ದೆನಾ? ಹೇಳಬೇಕು ಅಂದುಕೊಂಡು ಬಿಟ್ಟೆನಾ?"

"ಹೇಳಿದ್ರಿ. ಇಲ್ಲೇ ಕೂತು, ದೊಡ್ಡ ಭಾಷಣ. ಅವರು ಹೊಯ್ ಅಂದ್ರು. ನೀವು ಹೋದ ಮೇಲೆ ಒಳಗೆ ಬಂದು ನಕ್ರು." ವೈನಿಯೂ ನಕ್ಕರು. "ಮಾಸ್ತರ್ರಿಗೆ ಹೊಯ್ ಅಂದ್ರೆ ಸಾಕು, ಸಮಾಧಾನದಲ್ಲಿ ಮನೆಗೆ ಹೋಗ್ತಾರೆ ಅಂದ್ರು."

ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಗಂಡನ ಒಂದು ತಮಾಷೆ ನೆನಪಾದ ಖುಷಿಯಿತ್ತು. ನನಗೆ ಕಿವಿ ಬಿಸಿಯಾಯಿತು. ಚಂದ್ರ, ಭರತ, ದೇವರು... ಎಷ್ಟು ಸಂಜೆ ಆ ಮನುಷ್ಯ ನನ್ನನ್ನು ಹೀಗೆ ಮನೆಗೆ ಕಳಿಸಿರಬಹುದು.

ಆಗಲೇ ಇನ್ನೊಂದು ಹೊಯ್ ನೆನಪಾಯಿತು. ಡಾಕ್ಟರು ರಕ್ತದೊತ್ತಡ ಜಾಸ್ತಿ ಎಂದಾಗ ಉಪ್ಪು ಏನು ಮಾಡುತ್ತದೆ ಎಂದು ಅವರಿಗೆ ತಿಳಿಸಿ ಹೇಳಿದವನು ನಾನು. ಒಣಮೀನು ಪೂರ್ತಿ ಬಿಡಿ ಎಂದಿದ್ದೆ. "ಹೊಯ್ ಮಾಸ್ತರ್ರೆ, ಬಿಟ್ಟೆ. ಈಗ ಬರೀ ಗಂಜಿ," ಎಂದಿದ್ದರು. ಮುಂದಿನ ಮಳೆಗಾಲ ಶುರುವಾಗುವ ಮೊದಲೇ ಒಂದು ಬೆಳಿಗ್ಗೆ ದಕ್ಕೆಯಲ್ಲಿ ಬಿದ್ದರು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಇಷ್ಟು ಜಾಗ್ರತೆ ಮಾಡಿದವರಿಗೂ ಹೀಗಾಯಿತಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗಿದ್ದೆ.

"ವೈನಿ, ಒಣಮೀನು ಬಿಟ್ಟಿದ್ದರಲ್ಲವಾ?"

ಈ ಸಲ ಅವರ ಕೈ ನಿಂತಿತು. "ನೀವು ಬರೂದು ಕಂಡ್ರೆ ಒಣಮೀನಿನ ಮೇಲೆ ಬಶಿ ಮುಚ್ತಿದ್ರು," ಅಂದರು. "ನಾನು ಬೈದದ್ದುಂಟು. ಕೇಳಬೇಕಲ್ಲ."

ಗಂಜಿಯ ಬಟ್ಟಲಿನ ಪಕ್ಕದಲ್ಲಿ ಸಣ್ಣ ತಟ್ಟೆಯಂಥ ಬಶಿಯೊಂದನ್ನು ಕವುಚಿ ಹಾಕಿರುತ್ತಿದ್ದುದನ್ನು ನಾನು ನೋಡಿದ್ದೆ. ನೊಣಕ್ಕೆಂದು ಮುಚ್ಚಿದ್ದಾರೆ ಅಂದುಕೊಂಡಿದ್ದೆ. ಅಥವಾ ನೋಡಿಯೇ ಇರಲಿಲ್ಲವೋ, ವೈನಿ ಹೇಳಿದ ಮೇಲೆ ಈಗ ಆ ಬಶಿಯನ್ನು ಅಲ್ಲಿ ಇಡುತ್ತಿದ್ದೇನೋ... ವಾಸನೆಯಾದರೂ ಬಂದಿರಬೇಕಿತ್ತು. ಒಣಮೀನಿನ ವಾಸನೆ ಆ ಮನೆಯಲ್ಲಿ ಯಾವತ್ತೂ ಇರುತ್ತಿತ್ತು.

ಕಾರಿಗೆ ಹೊಸ ಕಂಡೆನ್ಸರ್ ಬಂದಿದೆ. ಗಾಳಿಯ ದಾರಿಯನ್ನೂ ಮೆಕ್ಯಾನಿಕ್ ತೊಳೆದು ಕೊಟ್ಟ. ನಿನ್ನೆ ಬೈತಖೋಲದ ರಸ್ತೆಯಲ್ಲಿ ಮಂಜುಗಡ್ಡೆಯ ಲಾರಿಯ ಹಿಂದೆ ಬಹಳ ಹೊತ್ತು ನಿಲ್ಲಬೇಕಾಯಿತು. ಗಾಳಿ ಬೆಚ್ಚಗಾಗಲಿಲ್ಲ, ಯಾವ ವಾಸನೆಯೂ ಬರಲಿಲ್ಲ. ಗಾಜಿನಾಚೆ, ದಕ್ಕೆಯಲ್ಲಿ ಯಾರೋ ಪೈಪ್ ಹಿಡಿದು ದೋಣಿಯ ಅಟ್ಟ ತೊಳೆಯುತ್ತಿದ್ದರು. ತಾಂಡೇಲರು ಇದ್ದಿದ್ದರೆ ಇಳಿದು ಹೋಗಿ ಕೇಳುತ್ತಿದ್ದೆ: ನನ್ನ ಒಂದು ಮಾತನ್ನಾದರೂ ನೀವು ನಿಜವಾಗಿ ಒಪ್ಪಿದ್ದಿರಾ?

ಹೊಯ್ ಮಾಸ್ತರ್ರೆ ಎನ್ನುತ್ತಿದ್ದರು. ಸಂಜೆ ನಾನು ಮತ್ತೆ ಹೋಗಿ ಆ ಚಿಟ್ಟೆಯ ಮೇಲೆ ಕೂತಿರುತ್ತಿದ್ದೆ.